ಎಲೆ ಅವೇ, ಲೆಕ್ಕ ಬೇರೆ

ಹೊಸಬರು ರಮ್ಮಿಯ ಎಲ್ಲ ಬಗೆಗಳನ್ನೂ ಒಟ್ಟಿಗೇ ಆಡಿದರೆ ಕೈ ಬೇಗ ಪಳಗುತ್ತದೆ ಎಂಬ ಅಭಿಪ್ರಾಯ ತಪ್ಪು. ವಿಜಯಪುರ, ತಿಕೋಟಾ, ಬಬಲೇಶ್ವರದ ಹುಡುಗರು ಇದನ್ನು ನಂಬಿ ದಾರಿ ತಪ್ಪಬಾರದು.

ಕೈಗೆ ಬಂದ 13 ಎಲೆಗಳಲ್ಲಿ ಜೋಕರ್ ಇಲ್ಲ, ಒಂದಕ್ಕೊಂದು ಕೂಡುವುದಿಲ್ಲ ಎನ್ನಿ. ಪಾಯಿಂಟ್ಸ್ ರಮ್ಮಿಯಲ್ಲಿ ಮೊದಲೇ ಡ್ರಾಪ್ ಮಾಡಿದರೆ, ಎಂದರೆ ಕೈಬಿಟ್ಟರೆ, 20 ದಂಡದ ಅಂಕಕ್ಕೆ ಮುಗಿಯಿತು. ಹಟ ಹಿಡಿದು ಆಡಿ ಸೋತರೆ 80ರವರೆಗೆ ಬೀಳುತ್ತದೆ. ಆದರೆ ಅಂಕ ಕೂಡುತ್ತ ಹೋಗಿ 101 ಮುಟ್ಟಿದವರು ಹೊರಬೀಳುವ 101ರ ಪೂಲ್ ರಮ್ಮಿಯಲ್ಲಿ ಈಗಾಗಲೇ 85 ಅಂಕ ಆಗಿದ್ದರೆ ಅದೇ ಡ್ರಾಪ್ ನಿಮ್ಮನ್ನು 105ಕ್ಕೆ ಒಯ್ದು ಆಟದಿಂದಲೇ ಹೊರಹಾಕುತ್ತದೆ. 80 ಆಗಿದ್ದರೆ ಮಾತ್ರ 100ರಲ್ಲಿ ಉಳಿಯುತ್ತೀರಿ. ಎಲೆ ಒಂದೇ, ಸರಿಯಾದ ತೀರ್ಮಾನ ಬೇರೆ ಬೇರೆ.

ಈ ವ್ಯತ್ಯಾಸ ತಿಳಿಯದವನು ಪೂಲ್‌ನ ಹಟವನ್ನು ಪಾಯಿಂಟ್ಸ್‌ಗೆ ತರುತ್ತಾನೆ. ಪೋಕರ್‌ನಲ್ಲೂ ಹೀಗೆಯೇ: ಕ್ಯಾಶ್ ಗೇಮ್‌ನಲ್ಲಿ ಬ್ಲೈಂಡ್ (ಕಡ್ಡಾಯ ಪಣ) ಬದಲಾಗದು, ಟೂರ್ನಮೆಂಟ್‌ನಲ್ಲಿ ಏರುತ್ತಲೇ ಹೋಗುತ್ತದೆ.

ಪಳಗಿದವರಿಗೆ ಬೆರಕೆ ಆಟ ಒಳ್ಳೆಯದು, ಒಪ್ಪುತ್ತೇನೆ. ಹೊಸಬರು ಮೊದಲು ಪಾಯಿಂಟ್ಸ್‌ನಲ್ಲಿ ಕೈಬಿಡುವುದನ್ನು ಕಲಿಯಲಿ, ಆಮೇಲೆ ಪೂಲ್‌ಗೆ ಹೋಗಲಿ. ಮನೆಯಲ್ಲಿ, ಹಣವಿಲ್ಲದೆ ಆಡಲಿ. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ. ಕಲಿಕೆಗೆ ಕಾಗದ, ಪೆನ್ನು, ಅಂಕಗಳ ಪಟ್ಟಿ ಸಾಕು.