ವಿದ್ಯುತ್ತಿನ ಗಣಿತ ಯಾರ ಸೊತ್ತು?

ಗಿರಣಿಯ ಮೋಟಾರು ತಿರುಗುವುದನ್ನು ನಮ್ಮ ಕಾರ್ಮಿಕ ಬಂಧುಗಳು ದಿನವೂ ನೋಡುತ್ತಾರೆ. ಜಗಳೂರಿನ ರೈತನ ಬೋರ್‌ವೆಲ್ ಪಂಪು, ನ್ಯಾಮತಿಯ ಅಂಗಡಿಯ ಫ್ಯಾನು, ಚನ್ನಗಿರಿಯ ಹಿಟ್ಟಿನ ಗಿರಣಿ, ಎಲ್ಲವೂ ಒಂದೇ ನಿಯಮಕ್ಕೆ ಬದ್ಧವಾದುವು. ಆ ನಿಯಮವನ್ನು ಆಳವಾಗಿ ತಿಳಿಸುವ ಶಾಸ್ತ್ರಕ್ಕೆ ವಿದ್ಯುತ್ಕಾಂತತ್ವವೆಂದು ಹೆಸರು. ಅದನ್ನು ಕಾಲೇಜಿನಲ್ಲಿ ಕಲಿಯಹೋದ ನಮ್ಮ ಮಕ್ಕಳು ನಡುದಾರಿಯಲ್ಲಿ ಎದೆಗುಂದುವುದೇಕೆ?

ಬಡವರ ಮಕ್ಕಳಿಗೆ ಬುದ್ಧಿ ಸಾಲದೆನ್ನುವವರಿದ್ದಾರೆ. ಚರಿತ್ರೆಯು ಆ ಮಾತನ್ನು ಸುಳ್ಳುಮಾಡಿದೆ. ಬದಲಾಗುವ ಕಾಂತಕ್ಷೇತ್ರದಿಂದ ವಿದ್ಯುತ್ತು ಹುಟ್ಟುವುದೆಂದು 1831ರಲ್ಲಿ ತೋರಿಸಿದ ಮೈಕೇಲ್ ಫ್ಯಾರಡೆ ಕಮ್ಮಾರನ ಮಗ. ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತವನು. ಆತನ ಕಾಣ್ಕೆಯನ್ನು ಗಣಿತಕ್ಕೆ ತಂದವನು ಮ್ಯಾಕ್ಸ್‌ವೆಲ್. 1865ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಬೆಳಕೂ ವಿದ್ಯುತ್ಕಾಂತದ ಅಲೆಯೇ ಎಂದು ಆತ ಸಾರಿದ. ಆತನ 20 ಸಮೀಕರಣಗಳನ್ನು 1880ರ ದಶಕದಲ್ಲಿ ಇಂದಿನ 4 ಸಮೀಕರಣಗಳ ರೂಪಕ್ಕೆ ತಂದವರಲ್ಲಿ ಮುಖ್ಯನಾದ ಆಲಿವರ್ ಹೆವಿಸೈಡ್ 16ನೆಯ ವಯಸ್ಸಿಗೆ ಶಾಲೆ ಬಿಟ್ಟವನು. ತಂತಿ ಕಂಪನಿಯಲ್ಲಿ ದುಡಿದು, ಗಣಿತವನ್ನು ತಾನೇ ಓದಿ ಕಲಿತವನು.

ಹಾಗಾದರೆ ತೊಡಕೆಲ್ಲಿ? ಭಾಷೆಯಲ್ಲಿ ಮತ್ತು ಪಾಠದ ಕ್ರಮದಲ್ಲಿ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಹುಡುಗಿಗೆ ಆಮೇಲೆ ವಿಜ್ಞಾನವೆಲ್ಲ ಇಂಗ್ಲಿಷಿನಲ್ಲಿ. ಬಿ.ಎಸ್ಸಿ. ತರಗತಿಯಲ್ಲಿ 'ಡೆಲ್' ಎಂಬ ತಲೆಕೆಳಗಾದ ತ್ರಿಕೋನದ ಚಿಹ್ನೆ ಎದುರಾಗುತ್ತದೆ. ಅರ್ಥ ತಿಳಿಯದೆ ಬಾಯಿಪಾಠ ಮಾಡುತ್ತಾಳೆ. ಪರೀಕ್ಷೆ ಮುಗಿದೊಡನೆ ಮರೆಯುತ್ತಾಳೆ.

ಅದರ ಅರ್ಥವು ನಮ್ಮ ಹೊಳೆಯಲ್ಲಿಯೇ ಇದೆ. ಹೊನ್ನಾಳಿಯಲ್ಲಿ ತುಂಗಭದ್ರೆಯ ದಡದಲ್ಲಿ ನಿಂತು ನೋಡಿರಿ. ಪ್ರತಿಯೊಂದು ಬಿಂದುವಿನಲ್ಲಿಯೂ ನೀರಿಗೆ ಒಂದು ವೇಗ, ಒಂದು ದಿಕ್ಕು. ಇಂಥದಕ್ಕೆ ಸದಿಶ ಕ್ಷೇತ್ರವೆನ್ನುತ್ತಾರೆ. ಒಂದೆಡೆ ಬುಗ್ಗೆ ಎದ್ದು ನೀರು ಸುತ್ತಲೂ ಹರಡಿದರೆ ಆ ಹರಡಿಕೆಯ ಲೆಕ್ಕವೇ 'ಡೈವರ್ಜೆನ್ಸ್'. ನೀರು ತಿರುಗಿ ಸುಳಿಯಾದರೆ ಆ ಸುಳಿಯ ಲೆಕ್ಕವೇ 'ಕರ್ಲ್'. ವಿದ್ಯುತ್ ಕ್ಷೇತ್ರಕ್ಕೆ ಆವೇಶವೇ ಬುಗ್ಗೆ. ಕಾಂತಕ್ಷೇತ್ರಕ್ಕೆ ಅಂಥ ಬುಗ್ಗೆಯಿಲ್ಲ. ಬದಲಾಗುವ ಕಾಂತಕ್ಷೇತ್ರವು ವಿದ್ಯುತ್ ಕ್ಷೇತ್ರದ ಸುಳಿಯನ್ನೆಬ್ಬಿಸುತ್ತದೆ. ವಿದ್ಯುತ್ ಪ್ರವಾಹವೂ ಬದಲಾಗುವ ವಿದ್ಯುತ್ ಕ್ಷೇತ್ರವೂ ಕಾಂತಕ್ಷೇತ್ರದ ಸುಳಿಯನ್ನೆಬ್ಬಿಸುತ್ತವೆ. ನಾಲ್ಕು ಸಮೀಕರಣಗಳ ತಿರುಳು ಇದೇ. ಆದರೆ ತಿರುಳು ತಿಳಿದರೆ ಸಾಲದು. ಅವಕಲನ, ಅನುಕಲನಗಳ ಲೆಕ್ಕವನ್ನು ಕೈ ನೋಯುವಷ್ಟು ಮಾಡಲೇಬೇಕು. ಅದಕ್ಕೆ ಅಡ್ಡದಾರಿಯಿಲ್ಲ.

'ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು' ಎಂದು ಕೆಲವರು ನಗಬಹುದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. ನೀರು ನಮ್ಮದು, ಬೆವರು ನಮ್ಮದು. ವಿದ್ಯುದ್ಯಂತ್ರಗಳು ಮಾತ್ರ ಹೊರದೇಶದಿಂದ ಬಂದುವು. ಲೆಕ್ಕ ಬಲ್ಲವನು ಯಂತ್ರವನ್ನು ರೂಪಿಸುತ್ತಾನೆ, ಲೆಕ್ಕ ಬಾರದವನು ಅದಕ್ಕೆ ಎಣ್ಣೆ ಹಾಕುತ್ತಾನೆ. ಇಬ್ಬರ ಕೂಲಿಯ ಅಂತರ ನಿಮಗೆ ಗೊತ್ತೇ ಇದೆ. ಇದು ಮಲ್ಲಿಗೆಯಲ್ಲ, ಹಿಟ್ಟಿನ ಮಾತೇ.

2009ರಲ್ಲಿ ದಾವಣಗೆರೆಗೆ ವಿಶ್ವವಿದ್ಯಾನಿಲಯವು ಬಂದಿತು. ಆದರೆ ಕಟ್ಟಡವು ಹತ್ತಿರ ಬಂದ ಮಾತ್ರಕ್ಕೆ ವಿದ್ಯೆಯು ಹತ್ತಿರ ಬಂದಂತಾಗಲಿಲ್ಲ. ನಾವು ಕೇಳುವುದು ಮೂರೇ. ಸದಿಶ ಗಣಿತವನ್ನು ಗಟ್ಟಿಯಾಗಿ ಕಲಿಸಿದ ಮೇಲೆಯೇ ವಿದ್ಯುತ್ಕಾಂತತ್ವಕ್ಕೆ ಕೈಹಾಕತಕ್ಕದ್ದು. ಇಂಗ್ಲಿಷ್ ಪದಗಳು ಇರಲಿ, ವಿವರಣೆಯು ಕನ್ನಡದಲ್ಲಿಯೂ ಆಗತಕ್ಕದ್ದು. ಪರೀಕ್ಷೆಯು ಬಾಯಿಪಾಠವನ್ನಲ್ಲ, 'ಏಕೆ' ಎಂಬುದನ್ನು ಕೇಳತಕ್ಕದ್ದು.

ನಮ್ಮ ಪಾಲಿನ ಕರ್ತವ್ಯವೂ ಇದೆ. ಒಂದು ಪರೀಕ್ಷೆಯಲ್ಲಿ ನಪಾಸಾದ ಮಗಳನ್ನು ಕಾಲೇಜು ಬಿಡಿಸಬೇಡಿರಿ. ಮಗನನ್ನು ಗಲ್ಲಾಪೆಟ್ಟಿಗೆಯ ಮುಂದೆ ಕೂಡಿಸಬೇಡಿರಿ. ಕಾರ್ಮಿಕ ಸಂಘದ ಕೋಣೆಯಲ್ಲಿ, ವರ್ತಕರ ಸಂಘದ ಜಗಲಿಯಲ್ಲಿ ಸಂಜೆ ಒಂದು ಕರಿಹಲಗೆ, ಒಂದು ದೀಪ, ಲೆಕ್ಕ ಬಲ್ಲ ಒಬ್ಬ ಪದವೀಧರ ಇರಲಿ. ರಟ್ಟು ಕಟ್ಟುವವನೂ ತಂತಿ ನೌಕರನೂ ಬೆಳೆಸಿದ ಶಾಸ್ತ್ರವು ಗಿರಣಿ ಕಾರ್ಮಿಕನ ಮಕ್ಕಳಿಗೆ ಪರಕೀಯವಾಗಿ ಉಳಿಯಕೂಡದು.