ಅವ್ವಗ ವಯಸ್ಸಾಗಿಲ್ಲ, ಬಿಸಿಲಾಗೈತಿ

1/7
ದೋಸ್ತ್ರ, ಈ ಸಲದ ಸರಣಿ ಸ್ವಲ್ಪ ಉದ್ದ ಐತಿ. ಸೇವ್ ಮಾಡಿಕೊಂಡು ಊರಿಗೆ ಹೋಗೂ ಬಸ್ಸಿನ್ಯಾಗ ಓದ್ರಿ.

ಹೋದ ವರ್ಷ ಮಾರ್ಚ್‌ನ್ಯಾಗ ಅವ್ವ ಹಾಸ್ಟೆಲಿಗೆ ಬಂದಿದ್ಲು. ಇಂಡಿ ಕಡೆಯಿಂದ ಬಸ್ಸು ಹಿಡಿದು, ಚೀಲದ ತುಂಬ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿ ಮೊಸರು ತಂದಿದ್ಲು. ಗೇಟಿನ್ಯಾಗ ಕುಂತಿದ್ದ ಕಾಕಾ ನನ್ನ ಕರೆದು, "ತಂಗಿ, ನಿಮ್ಮ ಅಜ್ಜಿ ಬಂದಾರ ನೋಡವಾ" ಅಂದ್ರು.

ಅವ್ವಗ ಆಗ 41 ವರ್ಷ.

"ಅಜ್ಜಿ ಅಲ್ಲ ರೀ, ನಮ್ಮವ್ವ" ಅನ್ನೂದು ಎಷ್ಟೊತ್ತಿನ ಮಾತು? ಬಾಜೂಕ ಕ್ಲಾಸಿನ ಗೆಳತಿಯರು ನಿಂತಿದ್ರು. ನಾನು "ಹೂಂ ರೀ, ಬಂದೆ" ಅಂದುಬಿಟ್ಟೆ. ಅವ್ವ ಗೇಟಿನ ಆಚೆ ನಿಂತಿದ್ಲು. ಆಕಿಗೆ ಕೇಳಿಸ್ತೋ ಇಲ್ಲೋ ಅವತ್ತು ಗೊತ್ತಾಗಲಿಲ್ಲ. ಆಮ್ಯಾಲೆ ಗೊತ್ತಾತು, ಅದನ್ನ 5ನೇ ಭಾಗದಾಗ ಹೇಳ್ತೀನಿ.

ಆ ಕಾಕಾನ ಮ್ಯಾಲೆ ನನಗ ಸಿಟ್ಟಿಲ್ಲ. ಅವರು ಕಂಡದ್ದನ್ನ ಹೇಳಿದ್ರು. ಆದ್ರ ಕಂಡದ್ದು ವಯಸ್ಸಾ? ಇದೊಂದು ಪ್ರಶ್ನಿ ಒಂದು ವರ್ಷದಿಂದ ತಲ್ಯಾಗ ಕುಂತೈತಿ.

2/7
ನಾವು ಬಿಕಾಂನವರು, ಲೆಕ್ಕದಿಂದ ಶುರು ಮಾಡೂಣು. ಡಿಪ್ರಿಸಿಯೇಷನ್ ಪಾಠ ನೆನಪೈತೆಲ್ಲ? ಯಂತ್ರದ ಬೆಲೆ ಇಳಿಯೋದಕ್ಕ ಮುಖ್ಯವಾಗಿ ಎರಡು ಕಾರಣ ಬರಿತೀವಿ. ಒಂದು, ಕಾಲ ಕಳೆಯೂದು. ಎರಡು, ಬಳಸಿ ಸವೆಯೂದು.

ಚರ್ಮದ್ದೂ ಹಂಗ. ಕಾಲದಿಂದ ಬರೋ ಮುಪ್ಪು ಎಲ್ಲರಿಗೂ ಬರತೈತಿ. ಚರ್ಮವನ್ನ ಬಿಗಿಯಾಗಿ ಹಿಡಿದಿಡೋ ಕೊಲಾಜನ್ ಅನ್ನೋ ಪ್ರೋಟೀನು ವಯಸ್ಸಾದಂಗ ಕಡಿಮಿ ಆಗತೈತಿ. ಇದನ್ನ ಯಾರೂ ತಪ್ಪಿಸೋಕಾಗೂದಿಲ್ಲ. ಇನ್ನೊಂದು ಹೊರಗಿನಿಂದ ಬರೋ ಮುಪ್ಪು: ಬಿಸಿಲು, ಹೊಗೆ, ತಂಬಾಕು, ನಿದ್ದಿ ಇಲ್ಲದ್ದು, ಸರಿಯಾಗಿ ಉಣ್ಣದ್ದು. ಮುಖದ ಮ್ಯಾಲೆ ನಮಗ ಕಾಣೂದರಾಗ ದೊಡ್ಡ ಪಾಲು ಇದರದ್ದೇ, ಅದರಾಗೂ ಬಿಸಿಲಿಂದು.

ನಂಬಿಕಿ ಇಲ್ಲಾ? ಮೊದಲನೇ ಫೋಟೋ ನೋಡ್ರಿ. ಅದು ಅವ್ವನ ಕೈ. ಮುಂಗೈ ಮ್ಯಾಲಿನ ಚರ್ಮ ಕಪ್ಪಗೆ, ದಪ್ಪಗೆ, ಗೆರಿ ಗೆರಿ ಆಗೈತಿ. ಎರಡನೇ ಫೋಟೋ ಅದೇ ಕೈಯಿಂದು, ತೋಳಿನ ಒಳಗಿನ ಭಾಗ, ಕುಪ್ಪಸದ ತೋಳಿನ ಕೆಳಗ ಮುಚ್ಚಿರೋ ಜಾಗ. ಅಲ್ಲಿ ಚರ್ಮ ಮೆತ್ತಗ, ಒಂದೇ ಬಣ್ಣ, ಗೆರಿ ಇಲ್ಲ. ನನ್ನ ತೋಳಿನ ಬಾಜೂಕ ಇಟ್ರ ಭಾಳ ಫರಕ ಕಾಣೂದಿಲ್ಲ.

ಎರಡೂ ಚರ್ಮದ ವಯಸ್ಸು 42. ಒಂದಕ್ಕ ಬಿಸಿಲು ಬಿದ್ದೈತಿ, ಇನ್ನೊಂದಕ್ಕ ಬಿದ್ದಿಲ್ಲ.

(ಫೋಟೋ ಹಾಕೂಕಿಂತ ಮೊದಲ ಅವ್ವನ್ನ ಕೇಳೀನಿ. "ಮುಖ ಬ್ಯಾಡ, ಕೈ ಹಾಕು" ಅಂದ್ಲು.)

ನಮ್ಮ ದೊಡ್ಡವ್ವ ಅವ್ವಗಿಂತ ನಾಕು ವರ್ಷ ದೊಡ್ಡಾಕಿ. ವಿಜಯಪುರದಾಗ ಮನ್ಯಾಗ ಕುಂತು ಹೊಲಿಗಿ ಮಾಡ್ತಾಳ. ಇಬ್ಬರೂ ಕೂಡಿ ಲಗ್ನಕ್ಕ ಹೋದ್ರ ಜನ ದೊಡ್ಡವ್ವನ್ನ ತಂಗಿ ಅಂತಾರ.

3/7
ನಮ್ಮ ಕ್ಲಾಸಿನ್ಯಾಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಕೂ ಕಡೆಯವರು ಅದೀವಿ. ಏಪ್ರಿಲ್-ಮೇ ಒಳಗ 40 ಡಿಗ್ರಿ ದಾಟೂದು ನಮಗ ಸುದ್ದಿನೇ ಅಲ್ಲ. ಆದ್ರ ಇಲ್ಲೇ ಒಂದು ತಪ್ಪು ತಿಳಿವಳಿಕಿ ಐತಿ. ಮೈಗೆ ತಟ್ಟೋ ಶೆಕಿ ಬ್ಯಾರೆ, ಚರ್ಮ ಕೆಡಿಸೋ ಕಿರಣ ಬ್ಯಾರೆ.

ಬಿಸಿಲಿನ್ಯಾಗ ಕಣ್ಣಿಗೆ ಕಾಣದ ಅಲ್ಟ್ರಾವಯಲೆಟ್ ಕಿರಣ ಇರ್ತಾವ. ಯುವಿ-ಬಿ ಅನ್ನೂದು ಚರ್ಮ ಸುಡತೈತಿ, ನಡು ಮಧ್ಯಾಹ್ನ ಅದರ ಜೋರು ಹೆಚ್ಚು. ಯುವಿ-ಎ ಅನ್ನೂದು ಸುಡೂದು ಕಡಿಮಿ, ಆದ್ರ ಆಳಕ್ಕ ಇಳಿದು ಕೊಲಾಜನ್ ಮುರೀತೈತಿ. ಮುಂಜಾನಿಂದ ಸಂಜಿತನ ಇರತೈತಿ, ಮೋಡದೊಳಗಿಂದ ಬರತೈತಿ, ಗಾಜಿನೊಳಗಿಂದಲೂ ಬರತೈತಿ. ಡಿಸೆಂಬರ್‌ನ್ಯಾಗ ತೊಗರಿ ಕೊಯ್ಯೂವಾಗ "ಬಿಸಿಲು ಹಿತ ಐತಿ" ಅಂತೀವಲ್ಲ, ಆಗೂ ಅದು ತನ್ನ ಕೆಲಸ ಮಾಡ್ತಾನ ಇರತೈತಿ.

2012ರಾಗ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಒಬ್ಬ ಟ್ರಕ್ ಡ್ರೈವರ್ ಫೋಟೋ ಬಂದಿತ್ತು. ವಯಸ್ಸು 69, ಟ್ರಕ್ ಹೊಡೆದದ್ದು 28 ವರ್ಷ. ಮುಖದ ಎಡಭಾಗ ಪೂರ್ತಿ ಸುಕ್ಕು, ಬಲಭಾಗ ಎಷ್ಟೋ ಸಣ್ಣ ವಯಸ್ಸಿಂದು. ಅಲ್ಲಿ ಸ್ಟೇರಿಂಗ್ ಎಡಕ್ಕ ಇರತೈತಿ, ಕಿಟಕಿ ಎಡಕ್ಕ. ನಮ್ಮಲ್ಲಿ ಬಲಕ್ಕ. ನಾಳೆ ಬಸ್ ಹತ್ತಿದಾಗ ಡ್ರೈವರ್ ಅಣ್ಣಾರ ಎರಡೂ ಕೈ ನೋಡ್ರಿ, ಬಲಗೈ ಏನು ಹೇಳತೈತಿ ಅಂತ.

"ನಾವು ಕಪ್ಪಗಿದ್ದೀವಿ, ನಮಗೇನಾಗೂದಿಲ್ಲ" ಅಂತಾರ. ಅರ್ಧ ಖರೆ. ಮೆಲನಿನ್ ಅನ್ನೋ ಬಣ್ಣ ಚರ್ಮಕ್ಕ ಕೊಡಿ ಇದ್ದಂಗ. ಅದಕ್ಕ ನಮಗ ಸುಕ್ಕು ತಡವಾಗಿ ಬರ್ತಾವ. ಆದ್ರ ಕಲಿ ಲಗೂನ ಬರ್ತಾವ: ಬಂಗು, ಕಪ್ಪು ಚುಕ್ಕಿ, ಅಲ್ಲೊಂದು ಇಲ್ಲೊಂದು ಬಣ್ಣ. ಕಪ್ಪಗಿರೂದು ರೋಗ ಅಲ್ಲ, ಅದು ಕಾವಲು. ಇದನ್ನ 5ನೇ ಭಾಗಕ್ಕ ನೆನಪಿಡ್ರಿ.

4/7
ಬಿಸಿಲಿನ ಮಾತು ಹೆಂಗಸರಿಗೆ ಅಂದ್ಕೊಂಡ ಹುಡುಗ್ರು ಇಲ್ಲಿ ನಿಲ್ರಿ.

ಅಮೆರಿಕದ ಓಹಾಯೋ ರಾಜ್ಯದಾಗ ಅವಳಿ-ಜವಳಿಗಳ ಜಾತ್ರಿ ಆಗತೈತಿ. ಅಲ್ಲಿ 79 ಜೋಡಿಗಳ ಮುಖ ಹೋಲಿಸಿ 2013ರಾಗ ಒಂದು ಅಧ್ಯಯನ ಬಂತು. ಹುಟ್ಟಿದ ತಾಸು ಒಂದೇ, ರಕ್ತ ಒಂದೇ. ಆದ್ರ ಸಿಗರೇಟು ಹೆಚ್ಚು ಸೇದಿದವರ ಕಣ್ಣಿನ ಕೆಳಗ ಚೀಲ, ತುಟಿ ಸುತ್ತ ಗೆರಿ, ಕೆನ್ನಿ ಜೋಲು. ತಂಬಾಕಿನ ಹೊಗೆ ಚರ್ಮಕ್ಕ ರಕ್ತ ಹರಿಯೂದನ್ನ ಕಡಿಮಿ ಮಾಡತೈತಿ, ಕೊಲಾಜನ್ ಮುರೀತೈತಿ.

ಇನ್ನ ಗುಟ್ಕಾ. ಕರ್ನಾಟಕದಾಗ 2013ರಾಗ ನಿಷೇಧ ಆಗೈತಿ. ಈಗ ಎರಡು ಚೀಟಿ ಬ್ಯಾರೆ ಬ್ಯಾರೆ ತಗೊಂಡು ಅಂಗೈಯಾಗ ಕೂಡಿಸಿ ಬಾಯಿಗೆ ಹಾಕ್ತೀರಿ, ಗೊತ್ತೈತಿ. ಅಡಿಕಿ ಬಾಯೊಳಗಿನ ಮೆತ್ತನ ಪದರನ್ನ ಗಟ್ಟಿ ಮಾಡತೈತಿ. ಮೊದಲ ಖಾರ ಉರೀತೈತಿ, ಆಮ್ಯಾಲೆ ಬಾಯಿ ಪೂರ್ತಿ ತೆರಿಯಾಕ ಬರೂದಿಲ್ಲ, ಕೆನ್ನಿ ಬಿಗಿತೈತಿ. ಮುಂದ ಅದು ಕ್ಯಾನ್ಸರಿಗೂ ದಾರಿ. ಮೂರು ಬೆರಳು ಉದ್ದಕ್ಕ ನಿಲ್ಲಿಸಿ ಬಾಯಾಗ ಹಿಡಿಸಿ ನೋಡ್ರಿ. ಹಿಡಿಯಲಿಲ್ಲ ಅಂದ್ರ ನಾಳೆನೇ ದಂತ ವೈದ್ಯರ ಹಂತ್ಯಾಕ ಹೋಗ್ರಿ. ಕಾಮೆಂಟ್‌ನ್ಯಾಗ ಜಗಳ ಆಡೂದು ಆಮ್ಯಾಲೆ.

ಒಲಿ ಹೊಗೆನೂ ಐತಿ. ಕಟಿಗಿ, ಕಲ್ಲಿದ್ದಲು ಹೊತ್ತಿಸಿ ಅಡಿಗಿ ಮಾಡೋ ಹೆಂಗಸರ ಮುಖದಾಗ ಸುಕ್ಕು ಹೆಚ್ಚು ಅಂತ ಚೀನಾದ ಅಧ್ಯಯನ 2015ರಾಗ ಹೇಳೈತಿ. ನಮ್ಮನ್ಯಾಗ ಗ್ಯಾಸ್ ಐತಿ. ಆದ್ರ ದಿನಾ ಇಪ್ಪತ್ತು-ಮೂವತ್ತು ರೊಟ್ಟಿ ಬಡಿಬೇಕಂದ್ರ ಸಿಲಿಂಡರ್ ಎಲ್ಲಿ ಸಾಲತೈತಿ? ರೊಟ್ಟಿ ಇನ್ನೂ ಕಟಿಗಿ ಒಲಿ ಮ್ಯಾಲೇ.

5/7
ಈಗ ಆ ಮಾತಿಗೆ ಬರ್ತೀನಿ.

ಹಾಸ್ಟೆಲಿಂದ ಹೋದ ಮುಂದಿನ ವಾರ ಅವ್ವ ಸಂತ್ಯಾಗ ಒಂದು ಸಣ್ಣ ಟ್ಯೂಬ್ ಕ್ರೀಮ್ ತಂದಿದ್ಲು. ಯಾರಿಗೂ ಹೇಳಿರಲಿಲ್ಲ. ನಾನು ಊರಿಗೆ ಹೋದಾಗ ಮುಖ ಬೆಳ್ಳಗ ಕಾಣ್ತಿತ್ತು, ಖುಷೀಲೆ ಇದ್ಲು. ಎರಡು ತಿಂಗಳಿಗೆ ಕೆನ್ನಿ ಕೆಂಪಗೆ, ಸಣ್ಣ ಸಣ್ಣ ನರ ಕಾಣಾಕ ಹತ್ತಿದ್ವು, ಬಿಸಿಲಿಗೆ ನಿಂತ್ರ ಉರಿ. "ಯಾಕ ಹಚ್ಚಿದಿ ಬೇ?" ಅಂತ ಕೇಳಿದೆ. "ನಿನಗ ನಾಚಿಕಿ ಆಗಬಾರದಲ್ಲ" ಅಂದ್ಲು.

ಕೇಳಿಸಿತ್ತು.

ಚರ್ಮದ ಡಾಕ್ಟರ್ ಟ್ಯೂಬ್ ನೋಡಿ ಹೇಳಿದ್ರು, ಇದರಾಗ ಸ್ಟೆರಾಯ್ಡ್ ಐತಿ. ಡಾಕ್ಟರ್ ಹೇಳಿದ ರೋಗಕ್ಕ, ಹೇಳಿದಷ್ಟು ದಿನ ಹಚ್ಚಿದ್ರ ಅದು ಔಷಧ. ಬೆಳ್ಳಗಾಗಾಕ ಅಂತ ದಿನಾ ಮುಖಕ್ಕ ಹಚ್ಚಿದ್ರ ಚರ್ಮ ತೆಳ್ಳಗಾಗತೈತಿ, ಕೆಂಪಾಗತೈತಿ, ಮೊಡವಿ, ಮುಖದ ಮ್ಯಾಲೆ ಕೂದಲು ಬರ್ತಾವ. ವಯಸ್ಸು ಕಾಣಬಾರದು ಅಂತ ಹಚ್ಚಿದ್ದು ವಯಸ್ಸಾದ ಚರ್ಮಾನೇ ತಂದುಕೊಡತೈತಿ. 2018ರಾಗ ಕೇಂದ್ರ ಸರ್ಕಾರ 14 ಬಗೆಯ ಸ್ಟೆರಾಯ್ಡ್ ಮುಲಾಮುಗಳನ್ನ ಚೀಟಿ ಇಲ್ಲದ ಮಾರಬಾರದು ಅಂತ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಸಂತ್ಯಾಗ ಶೆಡ್ಯೂಲ್ ಯಾರು ಓದ್ತಾರ? ಟ್ಯೂಬಿನ ಮ್ಯಾಲೆ ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಅಂತ ಇದ್ರ ಡಾಕ್ಟರ್ ಹೇಳದ ಮುಖಕ್ಕ ಹಚ್ಚಬ್ಯಾಡ್ರಿ. ಹಚ್ಚಾಕ ಹತ್ತಿ ಭಾಳ ದಿನ ಆಗಿದ್ರ ಒಮ್ಮಿಗೇ ಬಿಡಬ್ಯಾಡ್ರಿ, ಕೇಳಿ ಬಿಡ್ರಿ.

ಇನ್ನೊಂದು ನಮ್ಮ ಇಂಡಿ ಲಿಂಬಿ ಹಣ್ಣು. ಜಿಐ ಟ್ಯಾಗ್ ಬಂದೈತಿ, ಹೆಮ್ಮಿ ಐತಿ, ಸಾರಿಗೆ ಹಿಂಡ್ರಿ, ಪಾನಕಕ್ಕ ಹಿಂಡ್ರಿ. ಮುಖಕ್ಕ ಮಾತ್ರ ತಿಕ್ಕಬ್ಯಾಡ್ರಿ. ಲಿಂಬಿ ರಸದಾಗಿನ ಕೆಲವು ಪದಾರ್ಥ ಬಿಸಿಲು ತಾಗಿದ್ರ ಚರ್ಮ ಸುಡ್ತಾವ, ಕಪ್ಪು ಕಲಿ ವಾರಗಟ್ಟಲೆ ಉಳೀತೈತಿ. ರೀಲ್ಸ್ ಮಾಡೋ ಅಕ್ಕಾರು ಇದನ್ನ ಹೇಳೂದಿಲ್ಲ.

6/7
ಇಷ್ಟೆಲ್ಲ ಓದಿ "ಹಂಗಾರ ಸನ್‌ಸ್ಕ್ರೀನ್ ಹಚ್ಕೊಳ್ಳಿ ಬಿಡು" ಅಂತೀರಿ. ಸನ್‌ಸ್ಕ್ರೀನ್ ಕೆಲಸ ಮಾಡತೈತಿ, ಸುಳ್ಳಲ್ಲ. ಆಸ್ಟ್ರೇಲಿಯಾದಾಗ 900ಕ್ಕೂ ಹೆಚ್ಚು ಜನರ ಮ್ಯಾಲೆ ನಾಕೂವರೆ ವರ್ಷ ನೋಡಿದಾಗ, ದಿನಾ ಹಚ್ಚಿದವರ ಚರ್ಮದ ಮುಪ್ಪು 24% ಕಡಿಮಿ ಕಂಡಿತ್ತು.

ಆದ್ರ ಲೆಕ್ಕ ಹಾಕ್ರಿ. ಮುಖ, ಕುತ್ತಿಗಿಗೆ ಒಂದು ಸಲಕ್ಕ ಎರಡು ಬೆರಳು ಉದ್ದ, ಅಂದ್ರ ಸುಮಾರು 1 ಗ್ರಾಂ. ಬೆವರೋ ಕೆಲಸದಾಗ ಎರಡು ತಾಸಿಗೊಮ್ಮೆ ಹಚ್ಚಬೇಕು. ಎಂಟು ತಾಸಿನ ಕೂಲಿಗೆ 4 ಗ್ರಾಂ. 50 ಗ್ರಾಂ ಟ್ಯೂಬ್ 12 ದಿನಕ್ಕ ಖಾಲಿ. ತಿಂಗಳಿಗೆ ಎರಡೂವರೆ ಟ್ಯೂಬ್, ಅದೂ ಕೈ ಬಿಟ್ಟು ಬರೀ ಮುಖಕ್ಕ. ಅವ್ವನ ಮೂರು ದಿನದ ಕೂಲಿ ಹೋತು. ಯಾವ ಮನ್ಯಾಗ ಆಗತೈತಿ?

ಅದಕ್ಕ ನನ್ನ ಅಭಿಪ್ರಾಯ ಇಷ್ಟು: ಇದು ಕ್ರೀಮಿನ ಪ್ರಶ್ನಿ ಅಲ್ಲ, ನೆರಳಿನ ಪ್ರಶ್ನಿ.

ನಮ್ಮ ಕಡೆ ದ್ರಾಕ್ಷಿ ಒಣಗಿಸೂದು ನೋಡೀರಿ. ಬಿಸಿಲಿಗೆ ಹಾಕೂದಿಲ್ಲ. ಶೆಡ್ ಹಾಕಿ, ಸುತ್ತ ನೆಟ್ ಕಟ್ಟಿ, ಒಳಗ ಗಾಳಿ ಆಡೂ ಹಂಗ ಸಾಲು ಸಾಲು ಹರವ್ತಾರ. ಯಾಕ? ನೇರ ಬಿಸಿಲು ಬಿದ್ರ ಮಣೂಕಿನ ಬಣ್ಣ ಕಪ್ಪಾಗತೈತಿ, ರೇಟು ಇಳೀತೈತಿ. ಅದೇ ಶೆಡ್ಡಿನ ಹೊರಗ ಕ್ರೇಟ್ ಹೊರೋ ಹೆಂಗಸರು ಮಾತ್ರ ನೆತ್ತಿ ಸುಡೂ ಬಿಸಿಲಾಗ. ಹಣ್ಣಿನ ಬಣ್ಣಕ್ಕ ನೆರಳು ಕಟ್ಟಾಕ ಬರತೈತಿ ಅಂದ ಮ್ಯಾಲೆ ಮನಷ್ಯಾರಿಗೂ ಕಟ್ಟಾಕ ಬರತೈತಿ.

2005ರ ಉದ್ಯೋಗ ಖಾತರಿ ಕಾಯ್ದೆಯಲ್ಲೇ ಕೆಲಸದ ಜಾಗದಾಗ ಕುಡಿಯೋ ನೀರು, ಮಕ್ಕಳಿಗೆ ನೆರಳು, ವಿಶ್ರಾಂತಿ ಇರಬೇಕು ಅಂತ ಬರೆದಿದ್ರು. ನಮ್ಮ ಹೊಲಕ್ಕ ಕಾಯ್ದೆ ಬರೂತನ ಕಾಯೂದು ಬ್ಯಾಡ. ನಿಮ್ಮಪ್ಪ, ಕಾಕಾ, ಮಾಮಾ ಆಳು ಹಚ್ಚೋರು ಇದ್ರ ಹೇಳ್ರಿ: ಮುಂಜಾನೆ 6ಕ್ಕ ಶುರು ಮಾಡಿ 11ಕ್ಕ ಬಿಡ್ಲಿ, ಮತ್ತ 4ರ ಮ್ಯಾಲೆ ಹಚ್ಚಲಿ. ಬದುವಿನ ಮ್ಯಾಲೆ ಒಂದು ಬೇವಿನ ಗಿಡ ಉಳಿಸ್ಲಿ. ಹಳೇ ಶೇಡ್ ನೆಟ್ ಒಂದು ತುಂಡು ನಾಕು ಗೂಟಕ್ಕ ಕಟ್ಟಲಿ.

7/7
ಬಸವಣ್ಣ ಹುಟ್ಟಿದ ನೆಲದವರು ನಾವು. ಕಾಯಕ ದೊಡ್ಡದು ಅಂತ ಊರೂರಾಗ ಬೋರ್ಡ್ ಹಾಕ್ತೀವಿ. ಕಾಯಕ ಮಾಡಿದ ಮುಖ ನೋಡಿ ಅಜ್ಜಿ ಅಂತೀವಿ. ಅವರ ಮಗಳೇ "ಹೂಂ" ಅಂತಾಳ. ಆ ಮಗಳು ನಾನು.

ನಾವು ಮಾಡಬಹುದಾದ್ದು, ರೊಕ್ಕ ಇಲ್ಲದ:
• ತುಂಬು ತೋಳಿನ ಅಂಗಿ. ಹೊಲಕ್ಕ ಹೋಗೂವಾಗ ಅವ್ವಂದಿರು ಸೀರಿ ಮ್ಯಾಲೆ ಗಂಡನ ಹಳೇ ಅಂಗಿ ಹಾಕ್ತಾರಲ್ಲ, ನಗಬ್ಯಾಡ್ರಿ. ಅದಕ್ಕಿಂತ ಒಳ್ಳೇ ಸನ್‌ಸ್ಕ್ರೀನ್ ಇಲ್ಲ.
• ಬರೀ ಸೆರಗು ಸಾಲೂದಿಲ್ಲ, ಅಗಲ ಅಂಚಿನ ಟೊಪ್ಪಿಗಿ ಕೊಡಿಸ್ರಿ.
• ಫೋನಿನ ಹವಾಮಾನದಾಗ ಯುವಿ ಇಂಡೆಕ್ಸ್ ನೋಡ್ರಿ. 8 ದಾಟಿದ್ರ ಭಾಳ ಹೆಚ್ಚು, 11 ಅಂದ್ರ ವಿಪರೀತ.
• ಕಟಿಗಿ ಒಲಿ ಇದ್ರ ಕಿಟಕಿ ಹಂತ್ಯಾಕ ಇಡ್ರಿ. ರೊಟ್ಟಿ ಬಡಿಯೂದು ನೀವೂ ಕಲೀರಿ, ಹುಡುಗ್ರೂ ಸೈತ.
• ಅವ್ವನ ಫೋಟೋ ಹಾಕುವಾಗ ಫಿಲ್ಟರ್ ಹಾಕಬ್ಯಾಡ್ರಿ. ಆಕಿ ಮುಖ ತಪ್ಪು ಅಂತ ಫೋನು ಆಕಿಗೆ ಹೇಳಬಾರದು.

ಕ್ರೀಮ್ ಬಿಡಿಸಿ, ಡಾಕ್ಟರ್ ಹೇಳಿದಂಗ ಮಾಡಿ ಈಗ ಆರು ತಿಂಗಳಾತು. ಕೆಂಪು ಕಡಿಮಿ ಆಗೈತಿ, ನರ ಇನ್ನೂ ಕಾಣ್ತಾವ. ಮೊನ್ನೆ ಈ ಬರಹ ಅವ್ವಗ ಓದಿ ಹೇಳಿದೆ. ಗೇಟಿನ ಮಾತು ಬಂದಾಗ ನನ್ನ ದನಿ ನಿಂತಿತು. ಆಕಿ ಕೈಯಾಗಿನ ತೊಗರಿ ಹಸನ ಮಾಡೂದು ಬಿಡಲಿಲ್ಲ. "ಅದಕ್ಯಾಕ ಇಷ್ಟು ಬರೀತಿ? ಉಂಡಿಯಿಲ್ಲೋ?" ಅಂದ್ಲು.

ಇವತ್ತು ಮನಿಗೆ ಹೋದವರು ಅವ್ವನ ಕೈ ಹಿಡಿದು ತಿರುಗಿಸಿ ನೋಡ್ರಿ. ತೋಳಿನ ಒಳಗ ಆಕಿಯ ಖರೇ ವಯಸ್ಸು ಐತಿ. ಮುಂಗೈ ಮ್ಯಾಲೆ ಇರೂದು ನಮ್ಮ ಫೀ.

#ಅವ್ವನಕೈ #ಬಿಸಿಲುನಾಡು #ಇಂಡಿ #ಸಿಂದಗಿ #ಮುದ್ದೇಬಿಹಾಳ #ಬಸವನಬಾಗೇವಾಡಿ #ಬಿಕಾಂಹುಡುಗಿಯಲೆಕ್ಕ