ಬಾಸ್ ಹೇಳಿದ್ರು, ಎಂಟ್ರಿ ಹಾಕ್ದೆ (ಬಿಕಾಂ ಮಾತು - ಭಾಗ 9)

ಬಿಸಿನೆಸ್ ಎಥಿಕ್ಸ್ ಪೇಪರ್‌ನಲ್ಲಿ ಈ ಪ್ರಶ್ನೆ ಬಂದೇ ಬರುತ್ತೆ: ಮೇಲಧಿಕಾರಿ ತಪ್ಪು ಕೆಲಸ ಮಾಡಲು ಹೇಳಿದರೆ ನೀವೇನು ಮಾಡುತ್ತೀರಿ? ನಾವೆಲ್ಲ ಬರೆಯೋ ಉತ್ತರವೂ ಒಂದೇ. ಪ್ರಾಮಾಣಿಕತೆಯೇ ಮುಖ್ಯ, ಅಗತ್ಯವಿದ್ದರೆ ರಾಜೀನಾಮೆ ಕೊಡುತ್ತೇನೆ. ಮಾರ್ಕ್ಸ್ ಸಿಗುತ್ತೆ. ಮನೇಲಿ ಸಾಲದ ಕಂತು ಕಟ್ಟೋರು ಯಾರು ಅಂತ ಪೇಪರ್ ಕೇಳಲ್ಲ.

ನನಗೆ ಈ ಉತ್ತರಾನೇ ಸರಿ ಇಲ್ಲ ಅನ್ಸುತ್ತೆ. ರಾಜೀನಾಮೆ ಬಗ್ಗೆ ಯೋಚಿಸೋ ಹೊತ್ತಿಗೆ ಸಾಮಾನ್ಯವಾಗಿ ತಡ ಆಗಿರುತ್ತೆ. ನಾವು ಕಲೀಬೇಕಾಗಿರೋದು ಮೊದಲನೇ ಎಂಟ್ರಿ ಹಾಕೋ ದಿನ ಏನು ಮಾತಾಡಬೇಕು ಅನ್ನೋದನ್ನ.

ಬೆಟ್ಟಿ ವಿನ್ಸನ್ ಹೆಸರು ಕೇಳಿದ್ದೀರಾ? ಅಮೆರಿಕದ ವರ್ಲ್ಡ್‌ಕಾಮ್ ಟೆಲಿಫೋನ್ ಕಂಪನಿಯಲ್ಲಿ ಅಕೌಂಟೆಂಟ್. ಕಂಪನಿಯ ದೊಡ್ಡ ತಲೆ ಏನಲ್ಲ, ಮಧ್ಯದ ಹುದ್ದೆ. 2000ನೇ ಇಸವಿಯಲ್ಲಿ ಲಾಭ ಕಮ್ಮಿ ಕಾಣ್ತಿದೆ ಅಂತ ಮೇಲಿನವರು ಒಂದು ಎಂಟ್ರಿ ಹಾಕಿಸಿದರು. ರಿಸರ್ವ್‌ನಿಂದ 82.8 ಕೋಟಿ ಡಾಲರ್ ತೆಗೆದು ಖರ್ಚನ್ನ ಇಳಿಸೋದು. ಆಕೆಗೆ ಹೆದರಿಕೆ ಆಯ್ತು, ಕೆಲಸ ಬಿಡ್ತೀನಿ ಅಂದರು. ಸಿಎಫ್‌ಓ ಸಮಾಧಾನ ಮಾಡಿ ಉಳಿಸ್ಕೊಂಡರು. ಮನೇಲಿ ಅವರ ಸಂಬಳ ಬೇಕಿತ್ತು.

ಮುಂದಿನ ವರ್ಷ ಇನ್ನೊಂದು ದಾರಿ. ಬೇರೆ ಕಂಪನಿಗಳ ಲೈನ್ ಬಳಸಿದ್ದಕ್ಕೆ ಕೊಡೋ ಬಾಡಿಗೆಯನ್ನ ಆಸ್ತಿ ಅಂತ ತೋರಿಸೋದು. ಅಂದ್ರೆ ರೆವಿನ್ಯೂ ಖರ್ಚನ್ನ ಕ್ಯಾಪಿಟಲ್ ಖರ್ಚು ಅಂತ ಬರೆಯೋದು. ಗಮನಿಸಿ, ಇದು ನಾವು ಪಿಯುಸಿನಲ್ಲಿ ಓದಿದ ಚಾಪ್ಟರ್! ಅಷ್ಟು ದೊಡ್ಡ ಮೋಸಕ್ಕೆ ಅಷ್ಟೇ ವಿದ್ಯೆ ಸಾಕಾಯ್ತು. 2002ರಲ್ಲಿ ಇಂಟರ್ನಲ್ ಆಡಿಟ್‌ನ ಸಿಂಥಿಯಾ ಕೂಪರ್ ತಂಡ ಇದನ್ನ ಹಿಡೀತು, ಕಂಪನಿ ದಿವಾಳಿ ಆಯ್ತು. ವಿನ್ಸನ್ ತಪ್ಪೊಪ್ಪಿಕೊಂಡರು. 2005ರಲ್ಲಿ 5 ತಿಂಗಳು ಜೈಲು, 5 ತಿಂಗಳು ಗೃಹಬಂಧನ. ಬಾಸ್ ಹೇಳಿದ್ರು ಅನ್ನೋದು ಅವರನ್ನ ಉಳಿಸಲಿಲ್ಲ.

ಅದು ಅಮೆರಿಕ, ನಮ್ಮಲ್ಲಿ ದೊಡ್ಡೋರನ್ನ ಮಾತ್ರ ಹಿಡೀತಾರೆ ಅನ್ಬೇಡಿ. ಹೈದರಾಬಾದಿನ ಸತ್ಯಂ ಹಗರಣ ಅಂದ್ರೆ ನಮಗೆ ರಾಮಲಿಂಗ ರಾಜು ಹೆಸರೊಂದೇ ನೆನಪು. 2015ರ ಏಪ್ರಿಲ್‌ನಲ್ಲಿ ವಿಶೇಷ ಕೋರ್ಟ್ ತಪ್ಪಿತಸ್ಥರು ಅಂದಿದ್ದು 10 ಜನರನ್ನ. ಅದರಲ್ಲಿ ಫೈನಾನ್ಸ್ ವಿಭಾಗದಲ್ಲಿ ಕೆಲಸ ಮಾಡಿದವರೂ ಇದ್ದರು.

ನಮ್ಮ ಮಟ್ಟಕ್ಕೆ ಕೋಟಿ ಲೆಕ್ಕ ಬರಲ್ಲ. ಮಾರ್ಚ್ ಕೊನೇ ವಾರದಲ್ಲಿ ಬರುತ್ತೆ, ‘ಈ ಬಿಲ್ ಹಿಂದಿನ ಡೇಟ್‌ಗೆ ಹಾಕ್ಬಿಡಮ್ಮ’ ಅಂತ.

ನನ್ನ ದೊಡ್ಡಮ್ಮನ ಮಗಳಿಗೆ ಹಂಗೇ ಬಂತು. ಸಣ್ಣ ಕಂಪನಿ, ಹೆಸರು ಬೇಡ. ಮಾಲು ಬಂದೇ ಇಲ್ಲ, ಬಿಲ್ ಮಾತ್ರ ಬಂದಿದೆ. ಅಕ್ಕ ಭಾಷಣ ಮಾಡ್ಲಿಲ್ಲ. ಒಂದು ಮೇಲ್ ಹಾಕಿದಳು: ‘ಸರ್, ಮಾಲು ಬಂದ ರಸೀದಿ ಕಳಿಸಿ. ಇಲ್ಲ ಅಂದ್ರೆ ರಸೀದಿ ಬಂದಿಲ್ಲ, ನಿಮ್ಮ ಸೂಚನೆ ಮೇರೆಗೆ ಅಂತ ನರೇಶನ್‌ನಲ್ಲಿ ಬರೀಬೇಕಾಗುತ್ತೆ.’ ಉತ್ತರ ಬರ್ಲಿಲ್ಲ. ಎರಡು ವಾರ ಸರ್ ಮುಖ ಕೊಟ್ಟು ಮಾತಾಡ್ಲಿಲ್ಲ. ಆ ಎಂಟ್ರಿನ ಕೊನೆಗೆ ಇನ್ನೊಬ್ಬ ಹುಡುಗನ ಕೈಲಿ ಹಾಕಿಸಿದರು. ಅಕ್ಕ ಈಗಲೂ ಅಲ್ಲೇ ಇದ್ದಾಳೆ, ಬೇರೆ ಕೆಲಸ ಹುಡುಕ್ತಾ ಇದ್ದಾಳೆ. ಅವಳು ಅಲ್ಲೇ ಉಳಿದಿದ್ದನ್ನ ಹೇಡಿತನ ಅನ್ನೋರ ಜೊತೆ ನನ್ನ ಜಗಳ ಇದೆ.

ನನ್ನ ತಲೆಯಲ್ಲಿ ಉಳಿದಿರೋದು ಆ ಹುಡುಗ. ಅವನಿಗೆ ಮೇಲ್ ಹಾಕ್ಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸೋ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಆಡಿಟ್ ಟ್ರೇಲ್ ಕಡ್ಡಾಯ. ಏನು ಬದಲಾಯ್ತು, ಯಾವತ್ತು ಬದಲಾಯ್ತು, ಎಲ್ಲ ದಾಖಲೆ ಆಗುತ್ತೆ. ಅದನ್ನ ಆಫ್ ಮಾಡೋ ಹಾಗಿಲ್ಲ. ಟ್ಯಾಲಿ ಎಡಿಟ್ ಲಾಗ್ ತೆಗೆದರೆ ಕಾಣೋದು ಅವನ ಐಡಿ. ಸರ್ ಬಾಯಲ್ಲಿ ಹೇಳಿದ್ದು ಅಲ್ಲಿ ಎಲ್ಲೂ ಕಾಣಲ್ಲ.

ಲಿಸ್ಟೆಡ್ ಕಂಪನಿ ಆದ್ರೆ 2013ರ ಕಂಪನಿ ಕಾಯ್ದೆ ಪ್ರಕಾರ ದೂರು ಕೊಡೋಕೆ ವಿಜಿಲ್ ಮೆಕ್ಯಾನಿಸಂ ಇರಲೇಬೇಕು, ಎಕ್ಸಾಮ್‌ಗೆ ಓದಿದ್ದೀವಿ. ನಾಲ್ಕು ಜನರ ಆಫೀಸ್‌ನಲ್ಲಿ ಯಾರಿಗೆ ದೂರು ಕೊಡ್ತೀರಾ? ಓನರ್ ಬಗ್ಗೆ ಓನರ್‌ಗೇನಾ? ನಮ್ಮಲ್ಲಿ ಎಷ್ಟೋ ಜನ ಸೇರೋದು ಅಂಥ ಆಫೀಸಿಗೇ. ಅದಕ್ಕೇ ಕಾಲೇಜಲ್ಲಿ ಆ ಒಂದು ಮೇಲ್ ಬರೆಯೋದನ್ನ ಪ್ರಾಕ್ಟಿಕಲ್ ಥರ ಕಲಿಸಲಿ ಅಂತೀನಿ. ಮರ್ಯಾದೆಯಾಗಿ, ಎರಡೇ ಸಾಲು, ಯಾರನ್ನೂ ಕಳ್ಳ ಅನ್ನದೆ.

ಇಂಟರ್ನ್‌ಶಿಪ್‌ಗೆ ಹೋಗಿ ಬಂದಿರೋರು, ನೀವು ಇಂಥ ಟೈಮಲ್ಲಿ ಏನಂದ್ರಿ? ಕಂಪನಿ ಹೆಸರು ಹಾಕ್ದೆ ಕಮೆಂಟ್ ಮಾಡಿ. ಸೋಮವಾರದಿಂದ ಇಂಟರ್ನ್‌ಶಿಪ್ ಶುರು ಆಗೋ ಜೂನಿಯರ್ಸ್ ಓದ್ತಾರೆ.